ಮುಂಗಡ ಎಂಬ ಉಪಮೆ

ನನ್ನ ಷಡ್ಡಕ ಷೇರುಪೇಟೆಯಲ್ಲಿ ಮುಳುಗಿದರು ಎಂದು ನೆಂಟರೆಲ್ಲ ಹೇಳಿಕೊಂಡು ಓಡಾಡುತ್ತಾರೆ. ಸರಿಯಾಗಿ ನೋಡಿದರೆ ಅವರು ಮುಳುಗಿದ್ದು ನಾನು ಕೊಟ್ಟ ಒಂದು ಉಪಮೆಯಲ್ಲಿ. ಇದನ್ನು ನೆಂಟರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಹೆಂಡತಿಗೆ ಹೇಳಬೇಕಾಗಿಯೇ ಇಲ್ಲ.

ನಾನು ಮಳವಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ಮಂಡ್ಯದಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಮದ್ದೂರಿನಲ್ಲಿ ಎಳನೀರು ವ್ಯಾಪಾರ. ಸುತ್ತಲ ಹಳ್ಳಿಗಳ ತೋಟಗಳಿಂದ ಕಾಯಿ ಕೊಯ್ಯಿಸಿ, ಮಾರುಕಟ್ಟೆಗೆ ತಂದು, ಹೊರಊರಿನ ಲಾರಿಗಳಿಗೆ ತುಂಬುವುದು ಅವರ ಕೆಲಸ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದ್ದರಿಂದ ನಾನು ಅಣ್ಣ ಎನ್ನುತ್ತೇನೆ.

ಮೊದಲು ಆ ಪೇಟೆಯ ಬಾಗಿಲು ತಟ್ಟಿದವನು ನಾನೇ. ಕಾರಣ ದುರಾಸೆಯಲ್ಲ, ಹೆದರಿಕೆ. ಹೆದರುವುದು ನನಗೆ ಸಂಬಳವಿಲ್ಲದ ಎರಡನೇ ನೌಕರಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸು ಬಂದವನು ನಾನು. ಬಂದು ನೋಡಿದರೆ ಅವತ್ತು ಒಲೆಯನ್ನೇ ಹಚ್ಚಿರಲಿಲ್ಲ. ಐವತ್ತು ಹತ್ತಿರವಾದಂತೆ ಹೆದರಿಕೆಗೆ ನಿವೃತ್ತಿ ಎಂಬ ಹೊಸ ವಿಷಯ ಸಿಕ್ಕಿತು. ಪಿಂಚಣಿ ಎಷ್ಟು ಬರುತ್ತದೆ ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ, ಅದೂ ಷೇರುಪೇಟೆಯನ್ನೇ ನಂಬಿಕೊಂಡಿದೆ ಎಂದು ಸಹೋದ್ಯೋಗಿಗಳು ಹೇಳಿದರು. ನಂಬಿಕೊಂಡಿರುವುದಾದರೆ ಅದೇನೆಂದು ತಿಳಿದುಕೊಳ್ಳಬೇಕಲ್ಲ ಎಂದು ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಪಾಠ ಕೇಳತೊಡಗಿದೆ. ಪಾಠ ಮಾಡುವವನು ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಹುಡುಗ. ಹಿಂದೆ ಒಂದು ದುಬಾರಿ ಕುರ್ಚಿ, ಮುಂದೆ ಮೇಲೆ ಕೆಳಗೆ ಹರಿಯುವ ಕೆಂಪು ಹಸಿರು ಕಡ್ಡಿಗಳು. 'ಫ್ಯೂಚರ್ಸ್' ಎಂಬುದರ ಹತ್ತಿರ ನಾನು ಸುಳಿಯಲಿಲ್ಲ. ಭವಿಷ್ಯ ಎಂಬ ಮಾತು ಕೇಳಿದರೇ ಹೆದರುವವನು ಅದನ್ನು ಕೊಂಡು ಮನೆಗೆ ತರುವುದುಂಟೆ? 'ಆಪ್ಷನ್' ಮಾತ್ರ ಹಿಡಿಸಿತು. ಚಿಕ್ಕದೊಂದು ಮೊತ್ತ ಕಟ್ಟಿದರೆ, ಹೋದರೆ ಅಷ್ಟೇ ಹೋಗುತ್ತದೆ ಎಂದು ಹುಡುಗ ಹೇಳಿದ. ಎಷ್ಟು ಹೋಗುತ್ತದೆ ಎಂದು ಮೊದಲೇ ಹೇಳುವ ವ್ಯವಹಾರವನ್ನು ನಾನು ಬದುಕಿನಲ್ಲಿ ಅದುವರೆಗೆ ಕಂಡಿರಲಿಲ್ಲ.

ಅದರಲ್ಲೂ 'ಪುಟ್' ಎಂಬುದು. ಪೇಟೆ ಬಿದ್ದರೆ ಲಾಭ ಕೊಡುವ ಆಪ್ಷನ್. ಕೆಟ್ಟದಾಗುತ್ತದೆ ಎಂದು ನಂಬಿದವನಿಗೂ ಬಹುಮಾನ ಕೊಡುವ ಏರ್ಪಾಡು ಈ ಲೋಕದಲ್ಲಿದೆ ಎಂದು ತಿಳಿದ ದಿನ, ನನ್ನಂಥವರ ಬಗ್ಗೆಯೂ ಯಾರೋ ಯೋಚಿಸಿದ್ದಾರಲ್ಲ ಎನ್ನಿಸಿ ಕಣ್ಣು ಒದ್ದೆಯಾಯಿತು. ಕೊಂಡೆ. ಪೇಟೆ ಏರಿತು, ಹೋಯಿತು. ಮತ್ತೆ ಕೊಂಡೆ, ಮತ್ತೆ ಏರಿತು. ಒಂದು ದಿನ ಬಿದ್ದೇ ಬಿಟ್ಟಿತು. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖ ಬಾಡಿತ್ತು, ನನ್ನ ಫೋನು ಮಾತ್ರ ಹಸಿರಾಗಿತ್ತು. ಸತ್ತ ಮನೆಯಲ್ಲಿ ಹಸಿವಾದವನ ಹಾಗೆ ಕೂತಿದ್ದೆ. ಬಿದ್ದ ಪೇಟೆಯೊಳಗೆ ನನ್ನ ಪಿಂಚಣಿಯೂ ಇತ್ತೆಂಬುದು ಸಂಜೆ ಬಸ್ಸಿನಲ್ಲಿ ಹೊಳೆಯಿತು. ಅಂದರೆ ತಿಂಗಳುಗಟ್ಟಲೆ ನಾನು ನನ್ನ ವಿರುದ್ಧವೇ ಪಂದ್ಯ ಕಟ್ಟುತ್ತಿದ್ದೆ.

ಅಷ್ಟಕ್ಕೆ ನಿಂತಿದ್ದರೆ ಇದೊಂದು ನಗೆಯ ಪ್ರಸಂಗವಾಗಿರುತ್ತಿತ್ತು.

ಒಂದು ಭಾನುವಾರ ಮದ್ದೂರಿನ ಮನೆಯಲ್ಲಿ ಬಾಡೂಟ. ಎಲೆಯ ಮುಂದೆಯೂ ನಾನು ಫೋನು ಬಗ್ಗಿಸಿಕೊಂಡು ಅದೇ ಹುಡುಗನ ಪಾಠ ನೋಡುತ್ತಿದ್ದೆ. ಷಡ್ಡಕರು ಮುದ್ದೆ ಮುರಿಯುತ್ತಾ ಇಣುಕಿದರು.

"ಏನ್ ಮೇಷ್ಟ್ರೆ, ಉಣ್ಣೋ ಒತ್ತಲ್ಲೂ ಬುಡದಂಗೆ? ಏನದು, ಇಸಿಜಿನಾ?"

"ಷೇರು ಅಣ್ಣ. ಆಪ್ಷನ್ ಅಂತ."

"ಅಂಗಂದ್ರೆ? ಒಸಿ ನಮ್ಗೂ ತಿಳಿಯಂಗ್ ಯೇಳಿ."

ಒಳಗಿನಿಂದ ನನ್ನ ಹೆಂಡತಿ, "ಭಾವ, ಕೇಳ್ಬೇಡಿ. ಅವ್ರಿಗೆ ಒಬ್ಬ ಸ್ಟೂಡೆಂಟ್ ಸಿಕ್ಕುದ್ರೆ ನಿಮ್ ಸಾರು ಆರೋಯ್ತದೆ" ಎಂದಳು.

ಸಾರು ಆರಿತು. ಮೇಷ್ಟರ ಚಟ, ಅರ್ಥವಾಗದವರಿಗೆ ಅರ್ಥ ಮಾಡಿಸಿಯೇ ತೀರಬೇಕು. ಅವರ ಕಸುಬಿನಿಂದಲೇ ಉಪಮೆ ತೆಗೆದೆ. "ಅಣ್ಣ, ನೀವು ಬೇಸಿಗೆ ಮುಂಚೆ ತೋಟದವರಿಗೆ ಮುಂಗಡ ಕೊಡ್ತೀರಲ್ಲ? ಕಾಯಿಗೆ ಇಷ್ಟು ಅಂತ ರೇಟು ಮಾತಾಡಿ, ಒಂದಿಷ್ಟು ದುಡ್ಡು ಕೈಗಿಟ್ಟು ಬರ್ತೀರಿ. ಆಮೇಲೆ ಎಳನೀರು ರೇಟು ಏರಿದ್ರೆ, ಮಾತಾಡಿದ ರೇಟಿಗೇ ಕೊಯ್ಕೊಂಡು ಬರ್ತೀರಿ. ಲಾಭ ನಿಮ್ದು. ರೇಟು ಬಿದ್ದೋದ್ರೆ, ಮುಂಗಡ ಬಿಟ್ಟು ಸುಮ್ಮನಾಗ್ತೀರಿ. ಇದೂ ಅಷ್ಟೇ. ಆ ಮುಂಗಡಕ್ಕೆ ಇಲ್ಲಿ ಪ್ರೀಮಿಯಂ ಅಂತಾರೆ. ತೋಟದ ಬದಲು ಷೇರುಪೇಟೆ."

ಅವರು ತೊಡೆ ತಟ್ಟಿಕೊಂಡರು. ಕೈಯಲ್ಲಿದ್ದ ಸಾರು ಪಂಚೆಗೆ ಹತ್ತಿತು. "ಅಯ್ಯೋ, ಅದು ನಮ್ ಕಸ್ಬೇ ಕಣ್ರೀ! ಇಷ್ಟಕ್ಕೆ ಇಂಗ್ಲೀಸ್ನಾಗೆ ಒದ್ದಾಡ್ತಾವ್ರಾ ಇವ್ರು? ನಮ್ಮಪ್ಪ ಎಬ್ಬೆಟ್ಟು ಒತ್ತೋನು, ಅವ್ನು ಇದ್ನೇ ಮಾಡ್ತಿದ್ದ!"

ನನಗಾದ ಸಂತೋಷ ಹೇಳತೀರದು. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ ಎಂದು ತರಗತಿಯಲ್ಲಿ ಗಂಟಲು ಹರಿದುಕೊಂಡರೂ ಹಿಂದಿನ ಬೆಂಚಿನವರು ಆಕಳಿಸುವುದನ್ನು ಬಿಡುವುದಿಲ್ಲ. ಇಲ್ಲಿ ಒಂದೇ ಉಪಮೆಗೆ ಒಬ್ಬ ವ್ಯಾಪಾರಿ ಎದ್ದು ನಿಂತಿದ್ದರು. ಇನ್ನೊಂದು ತುಂಡು ಹಾಕಿಸಿಕೊಂಡು ಉಂಡೆ.

ಆ ಉಪಮೆಯಲ್ಲಿ ಬಿಟ್ಟುಹೋದದ್ದು ಏನೆಂದು ಈಗ ಹೇಳುತ್ತೇನೆ. ಮದ್ದೂರು ಕಡೆಯ ಮುಂಗಡದಲ್ಲಿ ಮಾತಾಡಿದ ರೇಟೇ ಕೊನೆಯಲ್ಲ. ಬಿಸಿಲು ಜಾಸ್ತಿಯಾಗಿ ಎಳನೀರಿನ ಬೆಲೆ ವಿಪರೀತ ಏರಿತು ಅನ್ನಿ. ತೋಟದವನು ಒಂದು ಬೆಳಿಗ್ಗೆ ಮಡಿ ಅಂಗಿ ಹಾಕಿಕೊಂಡು ಮಾರುಕಟ್ಟೆಗೆ ಬರುತ್ತಾನೆ. ಎದುರಿನ ಟೀ ಅಂಗಡಿಯಲ್ಲಿ ಕೂರುತ್ತಾನೆ. ರೇಟಿನ ಸುದ್ದಿ ಎತ್ತುವುದಿಲ್ಲ. ಸೆಕೆಯ ಬಗ್ಗೆ, ಬೋರ್‌ವೆಲ್ಲಿನ ಬಗ್ಗೆ, ಮಗಳ ಬಾಣಂತನದ ಬಗ್ಗೆ ಮಾತಾಡುತ್ತಾನೆ. ಎರಡನೇ ಟೀ ಮುಗಿಯುವ ಹೊತ್ತಿಗೆ ವ್ಯಾಪಾರಿಯೇ, "ಆಯ್ತು ಬುಡಣ್ಣ, ಕಾಯ್ಗೆ ಒಂದ್ರೂಪಾಯಿ ಎಚ್ಗೆ ಆಕತೀನಿ" ಎನ್ನುತ್ತಾನೆ. ಬೆಲೆ ಬಿದ್ದರೆ ಇದೇ ನಾಟಕ ತಿರುಗುಮುರುಗು. ವ್ಯಾಪಾರಿ ತೋಟದವನ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಡೀಸೆಲ್ ಬೆಲೆಯನ್ನು ಬೈಯುತ್ತಾನೆ, ತೋಟದವನು ಒಂದು ರೂಪಾಯಿ ಇಳಿಸುತ್ತಾನೆ. ಇದಕ್ಕೆ 'ಬುಟ್ಕೊಡದು' ಎನ್ನುತ್ತಾರೆ. ಯಾರೂ ಬರೆದುಕೊಳ್ಳುವುದಿಲ್ಲ, ಕೇಳಿಯೂ ಕೇಳುವುದಿಲ್ಲ. ಮುಂದಿನ ವರ್ಷವೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಲ್ಲ, ಅಷ್ಟೇ ಅದರ ಕಾಯಿದೆ.

ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೆ. ಷಡ್ಡಕರ ಜೊತೆ ಅದೇ ಟೀ ಕುಡಿದಿದ್ದೆ. ಆದರೂ, "ಅಣ್ಣ, ಎಲ್ಲ ನಿಮ್ಮ ಮುಂಗಡದ ಹಾಗೇ, ಈ ಬಿಟ್ಟುಕೊಡುವುದೊಂದು ಮಾತ್ರ ಅಲ್ಲಿಲ್ಲ" ಎಂದು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಹೋಲುವ ಗುಣ ಯಾವುದೆಂದು ತೋರಿಸಿದ ಮೇಲೆ ಹೋಲದ ಗುಣಗಳನ್ನೂ ಹೇಳಬೇಕೆಂದು ಯಾವ ಅಲಂಕಾರಶಾಸ್ತ್ರವೂ ಮೇಷ್ಟರಿಗೆ ವಿಧಿಸಿಲ್ಲ. ಇದು ನನ್ನ ಪರವಾದ ವಾದ. ನನಗೇ ಒಪ್ಪಿಗೆಯಾಗಿಲ್ಲ.

ಅವರ ಫೋನಿನಲ್ಲಿ ಖಾತೆ ತೆರೆದುಕೊಟ್ಟವನೂ ನಾನೇ. ಮೊದಮೊದಲು ಅವರು ಕೊಳ್ಳುತ್ತಿದ್ದರು, ಅಂದರೆ ಮುಂಗಡ ಕೊಡುತ್ತಿದ್ದರು. ಹೋದಾಗ ನನ್ನ ಹಾಗೆ ರಾತ್ರಿಯೆಲ್ಲ ಹೊರಳಾಡುತ್ತಿರಲಿಲ್ಲ. "ಮುಂಗಡ ತಾನೆ, ಓದ್ರೆ ಓಯ್ತದೆ" ಎಂದು ಲಾರಿ ತುಂಬಿಸಲು ಹೋಗುತ್ತಿದ್ದರು. ಒಂದು ಸಲ ಲಾಭ ಬಂತು. ನಮ್ಮ ಮನೆಗೆ ಎಳನೀರಿನ ಗೊನೆಗಳು ಬಂದು ಬಿದ್ದವು, ಫ್ರಿಜ್ಜಿನಲ್ಲಿ ಹಾಲಿಗೆ ಜಾಗವಿಲ್ಲ. "ಇದು ಬರಿ ಎಳನೀರಾ, ಇಲ್ಲ ನಿಮ್ ಪಾಠದ ಫೀಜಾ?" ಎಂದು ಹೆಂಡತಿ ಕೇಳಿದಳು.

ಬೇಸಿಗೆ ಮುಂದಿತ್ತು. ಒಂದು ದಿನ ಕಾಲೇಜಿಗೆ ಫೋನು ಬಂತು.

"ಮೇಷ್ಟ್ರೆ, ಒಂದ್ ಡೌಟು. ನಾವು ಮುಂಗಡ ಕೊಡ್ತೀವಿ ಸರಿ. ಅದ್ನ ಇಸ್ಕಳೋರು ಯಾರು?"

"ಆಪ್ಷನ್ ಮಾರೋರು ಅಣ್ಣ. ನಮ್ಮ ತೋಟದವರ ಥರ."

"ಅಂಗಾರೆ ನಾವೂ ಇಸ್ಕಬೋದಾ?"

"ಇಸ್ಕೋಬೋದು, ಆದ್ರೆ..."

"ನೋಡಿ, ಉಟ್ದಾಗಿಂದ ಕೊಟ್ಟಿದ್ದೇ ಆಯ್ತು. ಒಂದ್ಸಲ ಇಸ್ಕಂಡಾದ್ರೂ ನೋಡವ, ಎಂಗಿರ್ತದೆ ಅಂತ."

ನಾನು ಎಚ್ಚರಿಕೆ ಹೇಳಿದೆ. ಇದನ್ನು ಸಾಕ್ಷಿ ಸಮೇತ ಹೇಳಬಲ್ಲೆ, ಪಕ್ಕದಲ್ಲಿ ಇತಿಹಾಸದ ಮೇಡಂ ಇದ್ದರು. ಮಾರುವುದಕ್ಕೆ ದೊಡ್ಡ ಮೊತ್ತವನ್ನು ಠೇವಣಿಯಾಗಿ ಇಡಬೇಕು, ಪೇಟೆ ಎದುರಿಗೆ ತಿರುಗಿದರೆ ನಷ್ಟಕ್ಕೆ ಮಿತಿಯೇ ಇಲ್ಲ, ಬೇಡ ಎಂದೆ. ಆದರೆ ಎಚ್ಚರಿಕೆ ಕೊಡುವುದರಲ್ಲಿ ನನ್ನ ಹಿಂದಿನ ದಾಖಲೆ ಚೆನ್ನಾಗಿರಲಿಲ್ಲ. ಅದೇ ಮನುಷ್ಯನಿಗೆ ನಾನು ಬಸ್ಸಿನ ಮುಂದಿನ ಸೀಟಿನ ಬಗ್ಗೆ, ರಾತ್ರಿ ತಿನ್ನುವ ಮೊಸರಿನ ಬಗ್ಗೆ, ಚಾರ್ಜಿಗೆ ಹಾಕಿದ ಫೋನಿನ ಬಗ್ಗೆ, ತೆಂಗಿನ ಮರದ ನೆರಳಲ್ಲಿ ನಿಲ್ಲುವುದರ ಬಗ್ಗೆ ಎಚ್ಚರಿಕೆ ಕೊಟ್ಟಿದ್ದೆ. ತೆಂಗಿನ ಮರದ ಬಗ್ಗೆ, ಎಳನೀರು ವ್ಯಾಪಾರಿಗೆ! ಇರುವ ಎಚ್ಚರಿಕೆಯನ್ನೆಲ್ಲ ಮೊಸರಿಗೆ ಖರ್ಚು ಮಾಡಿದ್ದರಿಂದ, ಬೇಕಾದಾಗ ನನ್ನ ಬಳಿ ಚಲಾವಣೆಯಾಗುವಂಥದ್ದು ಒಂದೂ ಉಳಿದಿರಲಿಲ್ಲ.

ಅವರು ನಕ್ಕರು. "ನೀವು ಬುಡಿ, ನೆಳ್ಳಿಗೂ ಎದ್ರುಕತೀರಿ."

ಠೇವಣಿಗೆ ಇಟ್ಟ ಹಣ ಯಾವುದೆಂದು ನನಗೆ ಗೊತ್ತಾದದ್ದು ಆಮೇಲೆ. ಬೇಸಿಗೆಯ ತೋಟಗಳಿಗೆ ಮುಂಗಡ ಕೊಡಲು ವರ್ಷವಿಡೀ ಕೂಡಿಟ್ಟ ದುಡ್ಡು. ಅದು ಖರ್ಚಿಗಲ್ಲ, ಬೆಳೆಸುವುದಕ್ಕೂ ಅಲ್ಲ. ಆ ದುಡ್ಡು ಹೊತ್ತಿಗೆ ಸರಿಯಾಗಿ ಹಳ್ಳಿಗಳಲ್ಲಿ ಇಳಿಯದಿದ್ದರೆ ತೋಟಗಳು ಬೇರೆ ವ್ಯಾಪಾರಿಗಳ ಪಾಲಾಗುತ್ತವೆ. ತೋಟವಿಲ್ಲದ ಎಳನೀರು ವ್ಯಾಪಾರಿ ಎಂದರೆ ಮಾರುಕಟ್ಟೆಯ ಗೇಟಿನಲ್ಲಿ ಟೀ ಕುಡಿಯುತ್ತಾ ನಿಂತಿರುವ ಇನ್ನೊಬ್ಬ ಮನುಷ್ಯ, ಅಷ್ಟೇ. ಇಂತಿಷ್ಟು ದಿನದೊಳಗೆ ವಾಪಸು ಬರುತ್ತದೆ, ಬರುವಾಗ ಬಡ್ಡಿಯ ಹಾಗೆ ಮುಂಗಡವನ್ನೂ ತರುತ್ತದೆ ಎಂದು ಅವರ ಅಂದಾಜು. ಸೂಚ್ಯಂಕ ಒಂದು ಮಟ್ಟದ ಮೇಲೆ ಏರುವುದಿಲ್ಲ ಎಂಬ ನಂಬಿಕೆಯಲ್ಲಿ, ಪೇಟೆ ಏರಿದರೆ ಕೊಂಡವನಿಗೆ ಲಾಭ ಕೊಡುವ 'ಕಾಲ್' ಎಂಬ ಆಪ್ಷನ್ ಮಾರಿದ್ದರು. ಅಂದರೆ, ಇವರು ಈಗ ತೋಟದವರು. ಬೆಲೆ ಎಷ್ಟೇ ಏರಲಿ, ಮಾತಾಡಿದ ರೇಟಿಗೇ ಕೊಡಬೇಕು.

ಏರಿತು. ಎಲ್ಲೋ ಏನೋ ಒಳ್ಳೆಯ ಸುದ್ದಿ, ದೇಶಕ್ಕೆಲ್ಲ ಖುಷಿ. ನಾನು ತರಗತಿಯಲ್ಲಿದ್ದೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಫೋನು ನೋಡಿದರೆ ಅವರ ಕರೆಗಳು ಸಾಲಾಗಿ ನಿಂತಿವೆ. ವಾಪಸು ಮಾಡಿದೆ.

"ಮೇಷ್ಟ್ರೆ, ರೇಟು ಒಸಿ ಜಾಸ್ತಿನೇ ಏರ್ಬುಡ್ತು" ಎಂದರು, ಗಾಬರಿಯಿಲ್ಲದ ದನಿ. "ಒಂದ್ ಕೆಲ್ಸ ಮಾಡಿ. ಆ ಕಡೆ ಪಾರ್ಟಿ ಯಾರು ಅಂತ ಎಲ್ ಕಾಣ್ತದೆ, ಯೇಳಿ."

"ಯಾವ ಪಾರ್ಟಿ ಅಣ್ಣ?"

"ಅದೇ ಕಣ್ರೀ, ನಮ್ಗೆ ಮುಂಗಡ ಕೊಟ್ಟೋರು. ನಂಬರ್ ಸಿಕ್ಕುದ್ರೆ ಒಂದ್ ಮಾತಾಡ್ಬುಡವ. ನಾನೂ ಒಸಿ ಬುಟ್ಕೊಡ್ತೀನಿ, ಅವ್ರೂ ಒಸಿ ಬುಟ್ಕೊಡ್ಲಿ."

ನಾನು ನಕ್ಕುಬಿಟ್ಟೆ.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಷ್ಟು ಚೆನ್ನಾದ ತಮಾಷೆ ಅವರಿಂದ ಬಂದದ್ದೂ ಇಲ್ಲ, ಇತಿಹಾಸದ ಮೇಡಂಗೂ ಹೇಳೋಣ ಎಂದು ಆ ಕಡೆ ತಿರುಗಿದ್ದೂ ಹೌದು. ಫೋನಿನಲ್ಲಿ ಯಾರೋ ಲಾರಿಗೆ ಕಾಯಿ ಎಸೆಯುವ ಸದ್ದು ಬರುತ್ತಿತ್ತು.

"ನಗಾಡ್ಬೇಡಿ ಮೇಷ್ಟ್ರೆ. ಬೆಳಗಿಂದ ಕಾಯ್ಕಂಡು ಕುಂತಿವ್ನಿ, ಅವ್ರೇ ಮಾಡ್ತಾರೇನೋ ಅಂತ. ಲೈನ್ ಬಿಜಿ ಬಂದಾತು ಅಂತ ಗಿರಾಕಿ ಪೋನೂ ಎತ್ಲಿಲ್ಲ. ಕಂಪ್ನಿಯಿಂದ ಮೆಸೇಜು ಬತ್ತಾನೆ ಅದೆ, ಇನ್ನೂ ದುಡ್ಡಾಕಿ ದುಡ್ಡಾಕಿ ಅಂತ. ಲೋನ್ ಕೊಡೋರ್ ಕಾಟ ಇದ್ದಂಗೆ, ಅದ್ನ ಬುಡಿ. ಪಾರ್ಟಿ ನಂಬರ್ ನೋಡಿ."

ಆಗ ನನಗೆ ಅರ್ಥವಾಯಿತು. ಅವರು ಮನಸ್ಸಿನಲ್ಲೇ ಮಾರುಕಟ್ಟೆಯ ಎದುರಿನ ಆ ಟೀ ಅಂಗಡಿಯಲ್ಲಿ, ಮಡಿ ಅಂಗಿ ಹಾಕಿಕೊಂಡು, ಕೊಂಡವನಿಗಾಗಿ ಕಾಯುತ್ತಿದ್ದರು. ಈ ಸಲ ತೋಟದವರ ಪಾತ್ರ ತಮ್ಮದಲ್ಲವೆ. ಸೆಕೆಯ ಬಗ್ಗೆ ನಾಲ್ಕು ಮಾತಾಡಿದರೆ ಎದುರಿನವನು ತಾನಾಗಿಯೇ ದಾರಿಗೆ ಬರುತ್ತಾನೆ. ಆ ಕಡೆ ಮನುಷ್ಯನೇ ಇಲ್ಲ, ಇದ್ದರೂ ಯಾರೆಂದು ದೇವರಿಗೂ ಗೊತ್ತಿಲ್ಲ, ಈ ವ್ಯವಹಾರದಲ್ಲಿ ಎರಡನೇ ಟೀ ಇಲ್ಲ ಎಂದು ನಾನು ಕೂಗಿ ಹೇಳುತ್ತಿದ್ದೆ. ಎಲ್ಲವನ್ನೂ ಈಗಲೇ ಮುಚ್ಚಿ, ಕೆಂಪು ಬಟನ್ ಒತ್ತಿ ಎಂದೆ. ಅವರು ಫೋನನ್ನು ಕಿವಿಯಿಂದ ತೆಗೆದು ನೋಡಿರಬೇಕು.

"ಇಲ್ಲ ಮೇಷ್ಟ್ರೆ. ಅವ್ರೇ ಮುಚ್ಬುಟ್ಟವ್ರೆ" ಎಂದರು. ಠೇವಣಿ ಸಾಲದೆ ಷೇರು ಖಾತೆಯ ಕಂಪನಿಯೇ ವ್ಯವಹಾರ ಮುಗಿಸಿ, ನಷ್ಟವನ್ನು ಠೇವಣಿಯಲ್ಲಿ ಹಿಡಿದುಕೊಂಡಿತ್ತು. ಉಳಿದದ್ದರಲ್ಲಿ ಒಂದು ತೋಟದ ಬೇಲಿಗೂ ಮುಂಗಡ ಕೊಡಲಾಗುತ್ತಿರಲಿಲ್ಲ.

ಸಂಜೆ ಬಸ್ಸಿನಲ್ಲಿ ನನಗೆ ಬೈಗುಳಗಳನ್ನು ಜೋಡಿಸಿಕೊಳ್ಳುವ ಕೆಲಸ. ಅವರು ಏನೇನು ಬೈಯಬಹುದು, ನಾನು ಏನೇನು ಉತ್ತರಿಸಬಹುದು ಎಂದು ಮಂಡ್ಯ ಬರುವವರೆಗೆ ರಿಹರ್ಸಲ್ ನಡೆಸಿದೆ. ಅವರು ಬೈಯಲಿಲ್ಲ. ಮರುದಿನ ಮದ್ದೂರಿಗೆ ಹೋದಾಗ, "ಯಾಪಾರ ಅಂದ್ಮೇಲೆ ಇರ್ತದೆ, ಕಾಪಿ ಕುಡೀರಿ" ಎಂದರು. ಅತ್ತಿಗೆ ಕಾಫಿಗೆ ಎಂದಿನಂತೆ ಸಕ್ಕರೆ ಕಡಿಮೆ ಹಾಕಿದ್ದರು, ನನಗೆ ಸಕ್ಕರೆ ಕಾಯಿಲೆ ಬರುವ ಭಯವಿದೆ ಎಂಬುದನ್ನು ಅಂಥ ದಿನವೂ ಮರೆಯದೆ. ನನ್ನ ಉಳಿತಾಯದಿಂದ ಒಂದಿಷ್ಟು ಕೊಡುತ್ತೇನೆ ಎಂದೆ. "ಅಕ್ಕತಂಗೀರ್ ಮದ್ಯಕ್ಕೆ ದುಡ್ಡ್ ತರ್ಬೇಡಿ" ಎಂದು ಮಾತು ಮುಗಿಸಿದರು.

ಮನೆಗೆ ಬಂದ ಮೇಲೆ ಹೆಂಡತಿ ಬಟ್ಟೆ ಮಡಿಸುತ್ತಾ ಒಂದೇ ಮಾತು ಕೇಳಿದಳು.

"ನೀವು ನಕ್ರಂತಲ್ಲ?"

ಅವಳ ಅಕ್ಕ ಹೇಳಿರಬೇಕು. ಹಣ ಹೋದದ್ದನ್ನಲ್ಲ, ಅದನ್ನು ಹೇಳಿದ್ದರು. ತಮಾಷೆ ಅಂದುಕೊಂಡೆ ಎಂದೆ. ಅವಳು ದಿಂಬಿನ ಕವರು ಒದರಿ, "ಹೂಂ" ಎಂದಳು.

ಒಂದು ವಾರ ಬಿಟ್ಟು ಷಡ್ಡಕರು ಫೋನು ಮಾಡಿದರು. ಮುಂಗಡವಿಲ್ಲದೆಯೇ, ಕೊಯ್ದ ದಿನ ದುಡ್ಡು ಕೊಡುವ ಮಾತಿನ ಮೇಲೆ ತೋಟ ಕೊಡುತ್ತಾರೇನೋ ಕೇಳಿ ನೋಡಬೇಕು, ಭಾನುವಾರ ಜೊತೆಗೆ ಬನ್ನಿ ಎಂದರು. "ನಾನ್ಯಾಕೆ ಅಣ್ಣ?" ಎಂದೆ. "ಮೇಷ್ಟ್ರು ಪಕ್ಕದಲ್ಲಿದ್ರೆ ನಂಬ್ತಾರೆ ಕಣ್ರೀ. ಏನೂ ಮಾತಾಡದ್ ಬ್ಯಾಡ. ಇಸ್ತ್ರಿ ಅಂಗಿ ಆಕಂಡ್ ಬನ್ನಿ, ಸಾಕು."

ಒಂದು ವರ್ಷದ ಸಂಬಳ ಕೊಡಿ ಎಂದಿದ್ದರೂ ಅಷ್ಟು ಕಷ್ಟವಾಗುತ್ತಿರಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ.

ಚಿಕ್ಕರಸಿನಕೆರೆಯ ಆಚೆ, ಅವರು ಬಹಳ ವರ್ಷದಿಂದ ಕೊಯ್ಯುತ್ತಿದ್ದ ತೋಟ. ಅವರ ಪಾಲಿಗೆ ಅದೇ ದೊಡ್ಡದು. ಅದೊಂದು ಉಳಿದರೆ ಈ ಬೇಸಿಗೆ ಲಾರಿ ನಿಲ್ಲುವುದಿಲ್ಲ, ಅದು ಹೋದರೆ ಉಳಿದ ತೋಟದವರೂ ಒಬ್ಬೊಬ್ಬರಾಗಿ ಹೋಗುತ್ತಾರೆ. ತೋಟದ ಒಡತಿ ನಮ್ಮ ತಾಯಿಯ ವಯಸ್ಸಿನವರು. ಹಸುವಿನ ಮೈ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಬಂದು ಚಾಪೆ ಹಾಕಿದರು. ಷಡ್ಡಕರು ನನ್ನನ್ನು ಮೇಷ್ಟ್ರು ಎಂದು ಪರಿಚಯಿಸಿ, ಸೆಕೆಯಿಂದ ಶುರು ಮಾಡಿದರು.

"ಸೆಕೆ ಇದ್ದೇ ಅದೆ, ಇಷ್ಯ ಯೇಳಪ್ಪ" ಎಂದರು ಮುದುಕಿ. "ದುಡ್ ತಂದಿದ್ದೀಯಾ?"

"ಅದೇ ಕಣಮ್ಮ. ಈ ಸಲ ಮುಂಗಡ ಆಗದಿಲ್ಲ. ಒಂದ್ ಕಡೆ ಸಿಗಾಕಂಡದೆ. ಕುಯ್ದಿದ್ ದಿನ ಕೈಗ್ ಕೈ ಕೊಡ್ತೀನಿ, ಒಂದ್ ಪೈಸೆ ಬಾಕಿ ಮಡಗಲ್ಲ."

"ಎಲ್ ಸಿಗಾಕಂಡದೆ?"

"ಯಾಪಾರ್ದಾಗೆ."

"ಯಾವ್ ಯಾಪಾರ? ನಿಂದು ಎಳ್ನೀರ್ ಯಾಪಾರ. ಅದು ಸಿಗಾಕಂಡಿದ್ರೆ ನಂಗೇ ಗೊತ್ತಾಯ್ತಿತ್ತು." ಆಮೇಲೆ ನನ್ನ ಕಡೆ ತಿರುಗಿದರು. "ಮೇಷ್ಟ್ರೆ, ನೀವ್ ಯೇಳಿ. ಓದಿರೋರು. ಇವ್ನೇನಾರಾ ಇಸ್ಪೀಟು ಗಿಸ್ಪೀಟು ಕಲ್ತವ್ನಾ?"

ಇಲ್ಲ ಎಂದು ತಲೆ ಅಲ್ಲಾಡಿಸಿದ್ದರೆ ಆಯಿತು. ಅದು ಸುಳ್ಳೂ ಆಗುತ್ತಿರಲಿಲ್ಲ, ಇಸ್ಪೀಟು ಅವರು ಮುಟ್ಟಿಲ್ಲ. ಷಡ್ಡಕರು ನನ್ನ ಕಾಲಿಗೆ ಕಾಲು ತಗುಲಿಸಿದರು. ಆದರೆ ಭಾರವೋ, ನಂಜೋ, ವಾರದಿಂದ ಎದೆಯಲ್ಲಿ ಕೂತಿದ್ದು ಬಾಯಿಗೆ ಬಂದುಬಿಟ್ಟಿತು. "ಅವರ ತಪ್ಪಲ್ಲ ಅಮ್ಮ, ಹೇಳಿಕೊಟ್ಟೋನು ನಾನು" ಎಂದೆ. ಅಲ್ಲಿಗೆ ನಿಲ್ಲಿಸಲಿಲ್ಲ. ಷೇರುಪೇಟೆ ಎಂದೆ, ಮುಂಗಡ ಎಂದೆ, ಮುಂಗಡ ಇಸ್ಕೊಂಡವರ ಕಷ್ಟ ಎಂದೆ, ಅಲ್ಲಿ ಬಿಟ್ಟುಕೊಡುವವರಿಲ್ಲ ಎಂದೆ, ನಾನು ನಕ್ಕಿದ್ದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೆ ಎಷ್ಟು ಹಿತವಾಗುತ್ತಿತ್ತೆಂದರೆ ಷಡ್ಡಕರ ಮುಖ ನೋಡುವುದೇ ಮರೆತುಹೋಯಿತು.

ಮುದುಕಿ ಎಲ್ಲ ಕೇಳಿಸಿಕೊಂಡರು. ಹಸು ಬಾಲ ಬೀಸಿ ಬಕೆಟ್ಟನ್ನು ಉರುಳಿಸಿತು. ಎದ್ದು ಹೋಗಿ ಅದನ್ನು ನಿಲ್ಲಿಸಿ ಬಂದರು.

"ಅಂಗಂದ್ರೆ ನಂಗ್ ಕೊಡೋ ದುಡ್ನ ಅಲ್ಲಿಟ್ಟ" ಎಂದರು. "ನಂಗೂ ಮೊಮ್ಮಗಳ ಕಾಲೇಜ್ ಫೀಜು ಕಟ್ಟದದೆ ಕಣಪ್ಪ. ಬ್ಯಾರೆಯೋರು ಮುಂಗಡ ತಕ್ಕಂಡು ನೆನ್ನೇನೇ ಬಂದಿದ್ರು. ನೀನ್ ಬತ್ತೀಯ ಅಂತ ವಾಪಸ್ ಕಳ್ಸಿದ್ದೆ." ತೋಟದ ನಡುವಿನ ಕಾಲುವೆಯ ಕಡೆ ಕೈ ತೋರಿದರು. "ಕಾಲ್ವೆ ಈಚ್ಗಡೆ ಅರ್ಧ ನೀನ್ ಕುಯ್ಕ. ಆಚ್ಗಡೇದು ಅವ್ರಿಗೆ ಕೊಡ್ತೀನಿ. ಮೊದ್ಲನೇ ಕುಯ್ಲು ದುಡ್ಡು ಬರ್ಲಿ, ಆಮೇಕ್ ನೋಡವ."

ಹೊರಡುವಾಗ ನನಗೆ, "ಮಜ್ಗೆ ಕುಡೀರಿ ಮೇಷ್ಟ್ರೆ, ಬಾಯ್ ಒಣಗದೆ" ಎಂದರು. ಕುಡಿದೆ.

ಷಡ್ಡಕರು ತಮ್ಮ ಗೂಡ್ಸ್ ಆಟೋವನ್ನು ಊರು ದಾಟಿಸಿದರು. ಕಬ್ಬಿನ ಗದ್ದೆಯ ಪಕ್ಕ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ನನ್ನ ಕಡೆ ತಿರುಗಿದರು.

"ಅಗುರಾಯ್ತಾ?"

"ಅಣ್ಣ..."

"ಅಗುರಾಯ್ತೇನ್ಲಾ ಮನ್ಸು? ಆ ಮುದ್ಕಿ ಪೂರಾ ತೋಟ ಕೊಡಾಕೆ ರೆಡಿ ಕುಂತಿತ್ತು. ತಲೆ ಒಂದ್ ಅಲ್ಲಾಡ್ಸಿದ್ರೆ ನಿನ್ ಗಂಟೇನ್ ಓಯ್ತಿತ್ತು? ನಿನ್ ಒಟ್ಟೆ ನೋವ್ ಕಳ್ಕಳಾಕೆ ನನ್ ಅರ್ಧ ತೋಟ ಬೇಕಾಗಿತ್ತೇನ್ಲಾ? ಅವತ್ತು ಅರ್ಥ ಮಾಡ್ಸಾಕ್ ಓಗಿ ದುಡ್ ಕಳ್ದೆ. ಇವತ್ತು ಸತ್ಯ ಯೇಳಾಕ್ ಓಗಿ ತೋಟ ಕಳ್ದೆ. ನಿನ್ನಂಥ ಒಬ್ಬ ಒಳ್ಳೇವ್ನು ಮನೇಲಿದ್ರೆ ಸಾಕು ಕಣ್ಲಾ, ಬ್ಯಾರೆ ಸತ್ರುಗಳೇ ಬ್ಯಾಡ!"

ಮದುವೆಯಾದಂದಿನಿಂದ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಸರಿಯಾಗಿಯೇ ಬೈದಿದ್ದರು. ಹೇಳಿಕೊಂಡರೆ ಪಾಪ ಕರಗುತ್ತದೆ ಎಂದು ನಂಬಿ ಅದನ್ನು ಅವರ ತೋಟದೊಳಗೇ ಕರಗಿಸಿದ್ದೆ. ಅವತ್ತು ಸಂಜೆ ಬಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ಉತ್ತರಗಳೆಲ್ಲ ಇದ್ದವು, ಒಂದೂ ಈ ಬೈಗುಳಕ್ಕೆ ಹೊಂದುವಂಥದ್ದಲ್ಲ. ಒಂದು ಟ್ರ್ಯಾಕ್ಟರ್ ನಮ್ಮನ್ನು ಸವರಿಕೊಂಡು ಹೋಯಿತು. ಇಲ್ಲಿ ನಿಲ್ಲಿಸಬಾರದು, ತಿರುವು ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಅವರು ಮುಖ ಒರೆಸಿಕೊಂಡು ಎಂಜಿನ್ ಹಚ್ಚಿದರು. ಅರ್ಧ ತೋಟದ ಕಾಯಿ ಒಂದು ಲಾರಿಗೆ ಸಾಲುವುದಿಲ್ಲ, ಇನ್ನರ್ಧ ಎಲ್ಲಿಂದಾದರೂ ಹುಡುಕಬೇಕು ಎಂದು ತಮ್ಮಷ್ಟಕ್ಕೆ ತಾವೇ ಲೆಕ್ಕ ಹಾಕುತ್ತಿದ್ದರು.

"ಬರೋ ಬಾನ್ವಾರ ಬಸರಾಳ್ ಕಡೆ ಒಂದ್ ತೋಟ ಅದೆ" ಎಂದರು, ರಸ್ತೆ ನೋಡುತ್ತಲೇ. "ಮಂಡ್ಯದಲ್ಲೇ ಅತ್ತಿಸ್ಕತೀನಿ. ಬತ್ತೀಯಾ?"

"ಬರ್ತೀನಿ."

"ಏನಾರ ಕೇಳುದ್ರೆ?"

ನಾನು ತಲೆ ಅಲ್ಲಾಡಿಸಿ ತೋರಿಸಿದೆ. ಅವರು ಒಂದು ಕ್ಷಣ ನೋಡಿ, "ಅಷ್ಟು ಜೋರಾಗ್ ಬ್ಯಾಡ, ಡೌಟ್ ಬತ್ತದೆ" ಎಂದರು.